ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತಾರೆ

ಕುಣಿಗಲ್ ಕಡೆ ಶಿಂಷೆಯಲ್ಲಿ ಹೊಸಬರ ಜೊತೆ ಕಯಾಕ್ (ಎರಡೂ ತುದಿಯಿಂದ ಹಾಕುವ ಹುಟ್ಟಿನ ಸಣ್ಣ ದೋಣಿ) ಇಳಿಸಬೇಡ ಅಂತ ತುಮಕೂರಿನ ಗೆಳೆಯರೆಲ್ಲ ಹೇಳಿದ್ದರು. "ಅವರೂ ಮುಳುಗ್ತಾರೆ, ನಿನ್ನನ್ನೂ ಮುಳುಗಿಸ್ತಾರೆ" ಅಂತ. ಮೊದಲ ವರ್ಷ ಅವರ ಮಾತೇ ಗೆದ್ದಿತು.

ತಪ್ಪು ಇದ್ದದ್ದು ನನ್ನ ಬಾಯಲ್ಲಿ. ಹೊಳೆ ಹಿನ್ನೀರಿಗೆ ಸೇರುವ ಮುಂಚೆ ಒಂದು ಹೊಂಗೆ ಕೊಂಬೆ ನೀರಿಗೆ ಬಗ್ಗಿದೆ. ನಾನು ಹಿಂದಿನಿಂದ "ಎಡಕ್ಕೆ, ಎಡಕ್ಕೆ" ಅಂತ ಕೂಗುತ್ತಿದ್ದೆ. ಹೊಸಬ ಗಾಬರಿಯಲ್ಲಿ ಎಡಗಡೆಗೇ ಹುಟ್ಟು ಹಾಕುತ್ತಿದ್ದ. ಎಡಗಡೆ ಹಾಕಿದರೆ ದೋಣಿ ತಿರುಗೋದು ಬಲಕ್ಕೆ, ಅಲ್ವಾ? ಸೀದಾ ಕೊಂಬೆಗೆ. ಭಯಕ್ಕೆ ಕೊಂಬೆ ಹಿಡಿದರೆ ಮುಗೀತು, ದೋಣಿ ಕಾಲಡಿಯಿಂದ ಜಾರಿ ಹೋಗುತ್ತದೆ. ಹೀಗೆ ಒಂದು ಹುಟ್ಟು ಹೊಳೆ ಪಾಲು, 2,500 ರೂಪಾಯಿ. ಇನ್ನೊಬ್ಬರು ಮೀನಿನ ಬಲೆಗೆ ನುಗ್ಗಿದರು. "ಏನ್ ಸ್ವಾಮಿ, ಇಷ್ಟಗಲ ನೀರಿದೆ, ನನ್ ಬಲೇನೇ ಬೇಕಿತ್ತಾ?" ಅಂದರು ತೆಪ್ಪದ ಯಜಮಾನರು. 1,800 ಕೊಟ್ಟು ಕೈಮುಗಿದೆ.

ಆಮೇಲೆ ಹೊಳೆದದ್ದು ಬಣ್ಣ. ಎಲೆಕ್ಟ್ರಿಕ್ ಅಂಗಡಿ ಟೇಪು, ಎರಡು ಸುರುಳಿಗೆ 30-40 ರೂಪಾಯಿ. ಹುಟ್ಟಿನ ಒಂದು ತುದಿಗೆ ಕೆಂಪು, ಇನ್ನೊಂದಕ್ಕೆ ಹಳದಿ. "ಹಳದಿ!" ಅಂದರೆ ಹಳದಿ ತುದಿ ನೀರಿಗೆ. ಗೆಳೆಯರು ಅಂಗನವಾಡಿ ಪಾಠ ಅಂತ ನಕ್ಕರು. ಮೊದಲ ದಿನ ನಗುವ ಹಾಗೇ ಆಯ್ತು. ಒಬ್ಬ ಹುಡುಗ ನೀರು ಕುಡಿಯಲು ನಿಲ್ಲಿಸಿ, ಮತ್ತೆ ಹುಟ್ಟು ಎತ್ತಿಕೊಳ್ಳುವಾಗ ತಿರುಗಿಸಿ ಹಿಡಿದ. ಬಣ್ಣ ಅದಲು ಬದಲು!

ಟೇಪನ್ನು ಕಿತ್ತು ಕಯಾಕ್‌ನ ಎರಡೂ ಅಂಚಿಗೆ ಅಂಟಿಸಿದೆ. ಹುಟ್ಟು ಹೇಗೇ ಹಿಡಿಯಲಿ, ದೋಣಿಯ ಎಡ-ಬಲ ಬದಲಾಗಲ್ಲ. ಅಲ್ಲಿಂದ ಈಚೆಗೆ ಸುಮಾರು ನಲವತ್ತು ಜನ ಹೊಸಬರು ಬಂದಿರಬಹುದು. ಮಗುಚಿದ್ದು ಇಬ್ಬರು, ಆ ಕೊಂಬೆಯ ಹತ್ತಿರ ಒಬ್ಬರೂ ಇಲ್ಲ. ಒದ್ದೆಯಲ್ಲೂ ಟೇಪು ಏಳದ ಹಾಗೆ ಅಂಟಿಸೋದು ಹೇಗೆ ಅಂತ ಮಾತ್ರ ಇಲ್ಲಿ ಹೇಳಲ್ಲ. ಮೂರು ವಾರ ಒದ್ದಾಡಿ ಕಲಿತದ್ದು.

ನೀರಿಗೆ ಬಿದ್ದವರನ್ನು ಎಳೆದುಕೊಳ್ಳೋಕೆ ಇನ್ನೊಂದು ಪ್ರಯೋಗ ಮಾಡಿದೆ. ಐದು ಲೀಟರ್ ಎಣ್ಣೆ ಕ್ಯಾನಿಗೆ ಬೋರ್‌ವೆಲ್ ಹಗ್ಗ ಕಟ್ಟಿ ಎಸೆದೆ. ಖಾಲಿ ಕ್ಯಾನು ಗಾಳಿಗೆ ನನ್ನ ಕಡೆಗೇ ವಾಪಸ್ ಬಂತು. ಒಂದು ಲೋಟ ನೀರು ತುಂಬಿದ ಮೇಲೆ ದೂರ ಹೋಗುತ್ತದೆ. ಬಿದ್ದವರ ತಲೆಗಲ್ಲ, ತಲೆ ದಾಟಿಸಿ ಎಸೆಯಬೇಕು.

ಮಾರ್ಕೋನಹಳ್ಳಿ ಅಣೆಕಟ್ಟೆ ತುಂಬುವ ಕಾಲದಲ್ಲಿ ಅದರ ಕೆಳಗಡೆ ಹಳಬರನ್ನೂ ಇಳಿಸಲ್ಲ. ಅಲ್ಲಿರೋದು ಸೈಫನ್. ಗೇಟ್ ಎತ್ತುವವರು ಬೇಕಿಲ್ಲ, ಮಟ್ಟ ಮುಟ್ಟಿದರೆ ನೀರು ತಾನೇ ಧುಮುಕುತ್ತದೆ. ಹೋದ ಮಳೆಗಾಲ ನಾಲ್ವರನ್ನು ದಡದಿಂದಲೇ ವಾಪಸ್ ಕರೆತಂದೆ. ಗಾಡಿ ಬಾಡಿಗೆ 3,000 ದಂಡ. ಒಬ್ಬ ತುಮಕೂರು ಬರುವ ತನಕ ಮಾತಾಡಲಿಲ್ಲ.