ಐರ್ ಸರೋವರವನ್ನು ಸಣ್ಣ ವಿಮಾನದಿಂದ ನೋಡಲು ಹೊರಡುವವರಿಗೆ

ಆಸ್ಟ್ರೇಲಿಯಾದ ಒಳನಾಡಿನಲ್ಲಿರುವ ಐರ್ ಸರೋವರವನ್ನು ನೋಡಲು ಹೊರಡುವವರು ವಿಲಿಯಂ ಕ್ರೀಕ್ ಎಂಬ ಪುಟ್ಟ ಊರಿನಿಂದ ಹಾರುವ ಸಣ್ಣ ವಿಮಾನವನ್ನೇ ಆರಿಸಿಕೊಳ್ಳಬೇಕೆಂದು ನನ್ನ ವಿನಂತಿ. ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿರುವ ಆ ಉಪ್ಪುನೆಲದ ವಿಸ್ತಾರ ದಂಡೆಯಲ್ಲಿ ನಿಂತವರ ಅಳವಿಗೆ ಸಿಗುವುದೇ ಇಲ್ಲ. ದಿನ ನಿಶ್ಚಯಿಸುವ ಮೊದಲು, ಹೆಚ್ಚಾಗಿ ಒಣಗಿಯೇ ಇರುವ ಆ ಸರೋವರದಲ್ಲಿ ನೀರಿದೆಯೇ ಎಂದು ವಿಚಾರಿಸಿ, ಏಕೆಂದರೆ ದೂರದ ಕ್ವೀನ್ಸ್‌ಲ್ಯಾಂಡಿನಲ್ಲಿ ಸುರಿದ ಮಳೆ ಡಯಾಮಂಟಿನಾ ಮೊದಲಾದ ನದಿಗಳ ಮೂಲಕ ಅಲ್ಲಿಗೆ ತಲುಪಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನೀರಿಲ್ಲದಿದ್ದರೂ ಆ ಬಿಳಿಯ ಹಾಸು ನೋಡತಕ್ಕದ್ದೇ. ಬೆಳಗಿನ ಹಾರಾಟವನ್ನೇ ಕಾಯ್ದಿರಿಸಿ; ಬಿಸಿಲೇರಿದಂತೆ ಕಾದ ನೆಲದಿಂದ ಮೇಲೇಳುವ ಗಾಳಿ ವಿಮಾನವನ್ನು ಕುಲುಕುವುದರಿಂದ, ಪ್ರಯಾಣದಲ್ಲಿ ವಾಂತಿಯಾಗುವವರಿಗೆ ಇದು ಬಹಳ ಮುಖ್ಯ. ನಿಮ್ಮ ತೂಕವನ್ನು ಸರಿಯಾಗಿ ತಿಳಿಸಿ, ಪೈಲಟ್ ಅದನ್ನು ನೋಡಿಯೇ ಆಸನ ಹಂಚುತ್ತಾರೆ. ಕ್ಯಾಮೆರಾವನ್ನು ಕಿಟಕಿಗೆ ಒತ್ತಿ ಹಿಡಿಯಬೇಡಿ, ಗಾಜಿನ ನಡುಕದಿಂದ ಚಿತ್ರ ಮಸುಕಾಗುತ್ತದೆ.