ಮೇ ಕೊನೆಯ ವಾರಕ್ಕೆ ಮುನ್ನ: ಶಾಲಾ ಬಟ್ಟೆಯನ್ನು ನ್ಯಾಯವಾಗಿ ಕೊಳ್ಳುವ ಬಗೆ

ನಮ್ಮಲ್ಲಿ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದ ಸುಮಾರಿಗೆ ಆರಂಭವಾಗುತ್ತದೆ, ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ. ಈ ನಡುವಿನ ಅಷ್ಟೂ ದಿನ ಸುಮ್ಮನಿದ್ದು, ಕೊನೆಯ ವಾರದಲ್ಲಿ ಎಲ್ಲರೂ ಒಟ್ಟಿಗೇ ಬಟ್ಟೆ ಅಂಗಡಿಗೂ ದರ್ಜಿಯ ಮನೆಗೂ ನುಗ್ಗುವುದು ನಮ್ಮ ರೂಢಿಯಾಗಿಬಿಟ್ಟಿದೆ. ಶಾಲಾ ಬಟ್ಟೆಯ ವಿಷಯದಲ್ಲಿ ನಾವು ಮಾಡುವ ಅನ್ಯಾಯದ ದೊಡ್ಡ ಪಾಲು ಈ ಒಂದು ವಾರದಲ್ಲೇ ನಡೆಯುತ್ತದೆ ಎಂದು ನಾನು ತಿಳಿದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ಶಾಲೆ ತೆರೆಯಲು ಎರಡು ದಿನ ಇರುವಾಗ ಬಳ್ಳಾರಿಯಲ್ಲಿ ನಮ್ಮ ಓಣಿಯ ದರ್ಜಿಗೆ ಮಗಳ ಎರಡು ಅಂಗಿಗಳ ಬಟ್ಟೆ ಕೊಟ್ಟು, ಮರುದಿನ ರಾತ್ರಿಯೊಳಗೆ ಬೇಕೇ ಬೇಕು ಎಂದು ಪಟ್ಟು ಹಿಡಿದೆ. ಮರುರಾತ್ರಿ ಹತ್ತು ಗಂಟೆಗೆ ಹೋದಾಗ, ಹೊಲಿಗೆ ಯಂತ್ರದ ಪಕ್ಕದ ಚಾಪೆಯ ಮೇಲೆ ಅವರ ಮಗ, ಹತ್ತು ವರ್ಷದವನಿರಬೇಕು, ಬಿಳಿ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕುಳಿತಿದ್ದ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು, ಕಣ್ಣು ಕಿರಿದಾಗಿಸಿ ಸೂಜಿಗೆ ಪೋಣಿಸುತ್ತಿದ್ದ. ಒಂದು ಗುಂಡಿ ಮುಗಿದೊಡನೆ ತಲೆ ಎದೆಯ ಮೇಲೆ ವಾಲುತ್ತಿತ್ತು. ಅವನ ಮುಂದಿನ ರಾಶಿಯಲ್ಲಿ ನನ್ನ ಮಗಳ ಅಂಗಿಯೂ ಇತ್ತು. ನಾನು ನೋಡುತ್ತಿರುವುದನ್ನು ಕಂಡು ತಂದೆ, "ಏನು ಮಾಡಾದು ಅಕ್ಕಾರೆ, ಎಲ್ರೂ ನಾಳೆನೇ ಬೇಕು ಅಂತಾರೆ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲೂ ದುಡಿಸುವಂತಿಲ್ಲ; 14ರಿಂದ 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಆದರೆ ಶಾಲೆಯ ಅವಧಿ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ಮಗು ಹೆತ್ತವರಿಗೆ ನೆರವಾಗುವುದಕ್ಕೆ ಅದೇ ಕಾಯ್ದೆ ಅವಕಾಶ ಬಿಟ್ಟಿದೆ. ಆ ಹುಡುಗನ ಕೆಲಸವನ್ನು ಈ ಅವಕಾಶದಡಿ ಸರಿಯೆನ್ನಲು ಯಾರಾದರೂ ವಾದಿಸಬಹುದು. ಆದರೆ ರಾತ್ರಿ ಹತ್ತು ಗಂಟೆಗೆ ಅವನನ್ನು ಎಚ್ಚರವಾಗಿರಿಸಿದ್ದು ನನ್ನ ಗಡುವು, ಅದಕ್ಕೆ ಕಾಯ್ದೆಯ ನೆಪ ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ಮೊದಲ ಕೆಲಸವೆಂದರೆ ಏಪ್ರಿಲ್‌ನಲ್ಲೇ ಅಳತೆ ಕೊಡುವುದು. ದರ್ಜಿಗಳಿಗೆ ಮದುವೆ ಕಾಲದ ಕೆಲಸವಿರುತ್ತದೆ ನಿಜ, ಆದರೆ ನಾಲ್ಕು ವಾರದ ಬಿಡುವು ಕೊಟ್ಟರೆ ಬಿಡುವಿದ್ದ ಹಗಲಿನಲ್ಲಿ ಹೊಲಿಯುತ್ತಾರೆ. ಅರ್ಧ ಕೂಲಿಯನ್ನು ಮುಂಗಡವಾಗಿ ಕೊಡಿ. ಕಾಜಾ, ಗುಂಡಿ, ಅಂಚು ಮಡಿಸುವುದು ಇವೆಲ್ಲ ಸೇರಿ ಎಷ್ಟು ಎಂದು ಮೊದಲೇ ಕೇಳಿ, ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಅಂಗಡಿಯಲ್ಲಿ ಬಟ್ಟೆಗೆ ಬೆಲೆ ಚೀಟಿಯಲ್ಲಿದ್ದಷ್ಟು ಕೊಟ್ಟು ಬಂದು, ಹೊಲಿಯುವವರ ಮುಂದೆ ಐವತ್ತು ರೂಪಾಯಿಗೆ ಎಳೆದಾಡುವುದು ನಮ್ಮಲ್ಲಿ ಅನೇಕರ ಅಭ್ಯಾಸ. ನಾವು ಬಟ್ಟೆಗಾಗಿ ಕೊಡುವ ಹಣದಲ್ಲಿ ದುಡಿದವರ ಕೈಗೆ ನೇರವಾಗಿ ಸೇರುತ್ತದೆಂದು ಕಣ್ಣಾರೆ ಕಾಣುವುದು ಆ ಹೊಲಿಗೆ ಕೂಲಿಯೊಂದೇ.

ಸಿದ್ಧ ಉಡುಪು ಕೊಳ್ಳುವವರಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಅಂಗಡಿಗಳಿಗೆ ಸಮವಸ್ತ್ರ ಹೊರ ಊರುಗಳಿಂದಲೂ ಬರುತ್ತದೆ. ರಾಯಚೂರಿನಿಂದ ರೈಲಿನ ದಾರಿಯಲ್ಲೇ ಇರುವ ಸೊಲ್ಲಾಪುರ ಸಮವಸ್ತ್ರ ತಯಾರಿಕೆಗೇ ಹೆಸರಾದ ಊರು. ಶಾಲೆ ತನ್ನ ಬೇಡಿಕೆಯನ್ನು ತಡವಾಗಿ ಕಳಿಸಿದರೆ, ಅಂಗಡಿಯವರು ತಡವಾಗಿ ಕೇಳುತ್ತಾರೆ, ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಹೆಚ್ಚುತ್ತದೆ. ಗಡುವಿನ ಒತ್ತಡ ಎಲ್ಲಿಗೆ ಮುಟ್ಟಬಲ್ಲದು ಎಂಬುದನ್ನು 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾ ಸಮೀಪದ ರಾಣಾ ಪ್ಲಾಜಾ ತೋರಿಸಿತು: ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡು ಅದೇ ಕಟ್ಟಡದ ಬ್ಯಾಂಕ್ ಮತ್ತು ಅಂಗಡಿಗಳು ಮುಚ್ಚಿದ್ದರೂ, ಗಾರ್ಮೆಂಟ್ಸ್ ಕೆಲಸಗಾರರನ್ನು ಮಾತ್ರ ಮತ್ತೆ ಒಳಗೆ ಕರೆಸಲಾಯಿತು, 1,100ಕ್ಕೂ ಹೆಚ್ಚು ಜನ ಸತ್ತರು. ಹೊರದೇಶದ ಮಳಿಗೆಗಳ ಆದೇಶಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸಬೇಕೆಂಬ ಅವಸರ ಅದರ ಹಿಂದೆ ಇತ್ತು.

ಎರಡನೆಯದು, ಎಷ್ಟು ಜೊತೆ ಬೇಕು ಎಂಬ ಲೆಕ್ಕ. ಅಂಗಡಿಗೆ ಹೋಗುವ ಮುನ್ನ ಕಳೆದ ವರ್ಷದ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು ಮಗುವಿಗೆ ತೊಡಿಸಿ ನೋಡಿ. ಪ್ಯಾಂಟಿನ, ಲಂಗದ ಒಳಮಡಿಕೆಯಲ್ಲಿ ಎರಡು ಬೆರಳಷ್ಟು ಬಟ್ಟೆ ಉಳಿದಿದ್ದರೆ ಬಿಚ್ಚಿ ಇಳಿಸಿದರೆ ಇನ್ನೊಂದು ವರ್ಷ ನಡೆಯುತ್ತದೆ. ಹೊಸದನ್ನು ಹೊಲಿಸುವಾಗಲೂ ಒಳಗೆ ಹೆಚ್ಚು ಬಟ್ಟೆ ಬಿಡಲು ಹೇಳಿ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರ ಉಚಿತವಾಗಿ ಸಿಗುತ್ತದೆ, ಅದು ಬಟ್ಟೆಯ ರೂಪದಲ್ಲಿ ಬಂದಾಗ ಹೊಲಿಸುವ ಖರ್ಚು ಮಾತ್ರ ನಮ್ಮದು. ಆ ಬಟ್ಟೆ ಬರುವುದು ತಡವಾದರೆ ಹಳೆಯದರಲ್ಲೇ ಕೆಲವು ವಾರ ಕಳಿಸಿ. ಹಳೆಯ ಸಮವಸ್ತ್ರ ತೊಟ್ಟು ಬಂದ ಮಗುವನ್ನು ಯಾವ ಶಿಕ್ಷಕರೂ ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಬಾರದು, ನಿಲ್ಲಿಸಿದರೆ ಪೋಷಕರು ಹೋಗಿ ಮಾತನಾಡಬೇಕು.

ಖಾಸಗಿ ಶಾಲೆಗಳ ವಿಷಯದಲ್ಲಿ ಒಂದು ನಿಯಮ ಬಹಳ ಮಂದಿ ಪೋಷಕರಿಗೆ ತಿಳಿದಿಲ್ಲ. ಕರ್ನಾಟಕದ 1995ರ ಶಿಕ್ಷಣ ನಿಯಮಗಳ ಪ್ರಕಾರ, ಶಾಲೆಯೊಂದು ಸಮವಸ್ತ್ರ ಗೊತ್ತುಪಡಿಸಿದ ಮೇಲೆ ಮುಂದಿನ 5 ವರ್ಷ ಅದನ್ನು ಬದಲಾಯಿಸುವಂತಿಲ್ಲ. ಆ ಅವಧಿಯ ನಂತರ ಬದಲಾಯಿಸುವುದಾದರೂ ಕನಿಷ್ಠ 1 ವರ್ಷ ಮೊದಲೇ ಪೋಷಕರಿಗೆ ತಿಳಿಸಬೇಕು. ನಮ್ಮ ಮಕ್ಕಳಿದ್ದ ಶಾಲೆಯೊಂದು ಎರಡೇ ವರ್ಷದಲ್ಲಿ ಚೌಕಳಿ ಬಟ್ಟೆಯ ಬಣ್ಣ ಬದಲಿಸಿದಾಗ ನಾನು ಈ ನಿಯಮ ಅರಿಯದೆ ಸುಮ್ಮನೆ ಹಣ ಕಟ್ಟಿದ್ದೆ. ಈಗಲಾದರೆ ನಾಲ್ಕಾರು ಪೋಷಕರು ಸೇರಿ ಲಿಖಿತವಾಗಿ ಕೇಳುತ್ತಿದ್ದೆವು, ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಅರ್ಜಿ ಕೊಡುತ್ತಿದ್ದೆವು. ಒಬ್ಬರೇ ಹೋಗಬೇಡಿ, ಒಬ್ಬರೇ ಹೋದರೆ ಮಾತು ಮಗುವಿನ ಮೇಲೆ ತಿರುಗುತ್ತದೆಂಬ ಭಯ ಸುಳ್ಳಲ್ಲ. ಹೋದಾಗ ಎರಡು ಬೇಡಿಕೆ ಇಡಿ: ಬಣ್ಣ ಮತ್ತು ವಿನ್ಯಾಸವನ್ನು ಮಾತ್ರ ಶಾಲೆ ಹೇಳಲಿ, ಎಲ್ಲಿ ಕೊಳ್ಳಬೇಕೆಂಬುದನ್ನು ನಮಗೆ ಬಿಡಲಿ; ಲಾಂಛನವನ್ನು ಅಂಗಿಯ ಮೇಲೆ ನೇರವಾಗಿ ಕಸೂತಿ ಮಾಡಿಸುವ ಬದಲು ಬೇರೆಯಾಗಿ ಕೊಡಲಿ. ಲಾಂಛನ ಬೇರೆಯಿದ್ದರೆ ಅದೇ ಅಂಗಿ ಮತ್ತೊಂದು ಶಾಲೆಯ ಮಗುವಿಗೂ ಆಗುತ್ತದೆ. ನಮ್ಮ ಬಿಸಿಲಿನಲ್ಲಿ ಟೈ ಏಕೆ ಬೇಕು ಎಂಬುದನ್ನೂ ಅದೇ ಸಭೆಯಲ್ಲಿ ಕೇಳಬಹುದು.

ಬಿಸಿಲಿನ ಮಾತು ಬಂದಿತಾದ್ದರಿಂದ ಬಟ್ಟೆಯ ವಿಷಯಕ್ಕೆ ಬರುತ್ತೇನೆ. ರಾಯಚೂರು, ಬಳ್ಳಾರಿಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುವುದು ಹೊಸದೇನಲ್ಲ, ಮತ್ತು ಸಮವಸ್ತ್ರದ ಬಟ್ಟೆಯಲ್ಲಿ ಹೆಚ್ಚಿನದು ಟೆರಿಕಾಟ್, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಬೆರಕೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಇಸ್ತ್ರಿ ಹೆಚ್ಚು ಬೇಡುವುದಿಲ್ಲ, ಬಾಳಿಕೆ ಬರುತ್ತದೆ. ಬೆವರನ್ನು ಮಾತ್ರ ಹೀರುವುದಿಲ್ಲ. ಬೆರಕೆಯ ಪ್ರಮಾಣವನ್ನು ಥಾನಿನ ಅಂಚಿನಲ್ಲಿ ಅಥವಾ ಚೀಟಿಯಲ್ಲಿ ನೋಡಿ, ಅಂಗಿಗಾದರೂ ಹತ್ತಿ ಹೆಚ್ಚಿರುವುದನ್ನು ಆರಿಸಿ, ಪ್ಯಾಂಟಿಗೆ ಬೆರಕೆ ಇದ್ದರೆ ಅಡ್ಡಿಯಿಲ್ಲ. ಚೀಟಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಒಂದೆರಡು ಎಳೆ ಕೇಳಿ ತಂದು ಸುಟ್ಟು ನೋಡಬಹುದು: ಹತ್ತಿ ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತೆ ಉಳಿಯುತ್ತದೆ. ಗಾಢ ಬಣ್ಣದ ಬಟ್ಟೆಯನ್ನು ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿದಾಗ ಬಣ್ಣ ಹತ್ತಿದರೆ, ಅದು ಬೆವರಿನೊಡನೆ ಮಗುವಿನ ಮೈಗೂ ಹತ್ತುತ್ತದೆ, ಅಂಥದ್ದನ್ನು ಬಿಟ್ಟುಬಿಡಿ. ಹೊಸ ಬಟ್ಟೆಯನ್ನು ಒಮ್ಮೆ ಒಗೆದ ನಂತರವೇ ತೊಡಿಸಿ.

ಲಂಗ, ಜುಬ್ಬದಂಥ ಉಡುಪುಗಳಿಗೆ ಕೈಮಗ್ಗದ ಬಟ್ಟೆ ಬೇಕೆನ್ನುವವರು ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋಗಿ ನೇಕಾರರನ್ನೇ ಕೇಳಬಹುದು. ಕೈಮಗ್ಗದ್ದೆಂದು ಹೇಳಿ ವಿದ್ಯುತ್ ಮಗ್ಗದ್ದನ್ನು ಮಾರುವುದು ಸಾಮಾನ್ಯವಾದ್ದರಿಂದ ಅಂಗಡಿಯಲ್ಲಿ ಕೊಳ್ಳುವಾಗ ಹ್ಯಾಂಡ್‌ಲೂಮ್ ಮಾರ್ಕ್ ಎಂಬ ಸರ್ಕಾರಿ ಗುರುತು ಇದೆಯೇ ನೋಡಿ.

ಪ್ರೌಢಶಾಲೆ ದಾಟಿ ಪಿಯುಸಿಗೆ ಕಾಲಿಟ್ಟ ಮಕ್ಕಳು ಸಮವಸ್ತ್ರಕ್ಕಿಂತ ಜೀನ್ಸ್ ಕೇಳುತ್ತಾರೆ. ಬಳ್ಳಾರಿಯಲ್ಲಿ ಕುಳಿತು ಜೀನ್ಸ್ ಬಗ್ಗೆ ಬರೆಯದಿರುವುದು ಹೇಗೆ? ಈ ಊರಿನ ನೂರಾರು ಸಣ್ಣ ಘಟಕಗಳಲ್ಲಿ, ಓಣಿ ಓಣಿಯ ಮನೆಗಳಲ್ಲಿ ಪೀಸಿಗಿಷ್ಟು ಎಂಬ ಲೆಕ್ಕದಲ್ಲಿ ಜೀನ್ಸ್ ಹೊಲಿಗೆ ನಡೆಯುತ್ತದೆ. ಹೊಲಿದ ಪ್ಯಾಂಟಿನ ಉಳಿದ ದಾರ ಕತ್ತರಿಸುವ ಕೆಲಸ ಹೆಂಗಸರದು. ಅವರ ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ ಕುಳಿತಿರುತ್ತದೆ, ರೊಟ್ಟಿ ಬಡಿಯುವ ಮುನ್ನ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಆದರೆ ಹೊಲಿಗೆಗಿಂತ ಹೆಚ್ಚಿನ ಹಾನಿ ವಾಷಿಂಗ್‌ನಲ್ಲಿದೆ. ಹೊಸ ಪ್ಯಾಂಟು ಹಳೆಯದರಂತೆ, ತೊಡೆಯ ಮೇಲೆ ಬಿಳಿಚಿಕೊಂಡಂತೆ ಕಾಣಬೇಕೆಂದರೆ ಅದನ್ನು ಕಲ್ಲಿನೊಡನೆ ತಿರುಗಿಸಿ, ಬ್ಲೀಚ್ ಹಾಕಿ, ಪೊಟ್ಯಾಸಿಯಂ ಪರಮ್ಯಾಂಗನೇಟ್ ಸಿಂಪಡಿಸಿ ತೊಳೆಯಬೇಕಾಗುತ್ತದೆ. ಸಿಂಪಡಿಸುವವರ ಮೂಗಿಗೆ ಸರಿಯಾದ ಮುಸುಕು ಇಲ್ಲದಿದ್ದರೆ ಆ ತುಂತುರು ಅವರ ಎದೆಗೆ ಇಳಿಯುತ್ತದೆ, ಶುದ್ಧೀಕರಿಸದೆ ಬಿಟ್ಟ ನೀರು ಚರಂಡಿ ಸೇರಿ ನೆಲಕ್ಕೆ ಇಂಗುತ್ತದೆ. ಮರಳನ್ನು ರಭಸದಿಂದ ಚಿಮ್ಮಿಸಿ ಬಣ್ಣ ಕಳೆಯುವ ಪದ್ಧತಿಯಿಂದ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂದದ್ದಕ್ಕೆ ಟರ್ಕಿ ದೇಶ 2009ರಲ್ಲೇ ಅದನ್ನು ನಿಷೇಧಿಸಿತು.

ಮಗನಿಗೋ ಮಗಳಿಗೋ ಇದನ್ನು ಗದರಿಸಿ ಹೇಳಿದರೆ ಪ್ರಯೋಜನವಿಲ್ಲ, ಅಂಗಡಿಯಲ್ಲಿ ಎರಡು ಪ್ಯಾಂಟುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು. ಒಂದು ಗಾಢ ನೀಲಿಯದು, ಒಮ್ಮೆ ಮಾತ್ರ ತೊಳೆದದ್ದು. ಇನ್ನೊಂದು ಅಲ್ಲಲ್ಲಿ ಬಿಳಿಚಿ, ಮೊಣಕಾಲಿನಲ್ಲಿ ಹರಿದದ್ದು. ಎರಡನೆಯದನ್ನು ಹೀಗೆ ಮಾಡಲು ಏನೇನು ಬಳಸಿದ್ದಾರೆಂದು ವಿವರಿಸಿ, ಬಟ್ಟೆಯ ಎಳೆ ಎಷ್ಟು ಸವೆದಿದೆಯೆಂದು ಬೆರಳಲ್ಲಿ ಮುಟ್ಟಿಸಿ. ನನ್ನ ಮಗ ಹದಿನೇಳರ ವಯಸ್ಸಿನಲ್ಲಿ ಮೊದಲನೆಯದನ್ನೇ ಆರಿಸಿದ, ಎರಡು ವರ್ಷ ತೊಟ್ಟ ಮೇಲೆ ಅದು ತಾನಾಗಿಯೇ ಬಿಳಿಚಿತು.

ಇನ್ನು ಹತ್ತಿಯ ಹೊಲದ ಸಂಗತಿ. ಹತ್ತಿ ಬಟ್ಟೆ ಕೊಂಡರೆ ತಪ್ಪಿಲ್ಲವೆಂದು ನಂಬುವವರಿಗೆ ರಾಯಚೂರು ಜಿಲ್ಲೆಯ ಊರುಗಳು ಬೇರೆ ಕಥೆ ಹೇಳುತ್ತವೆ. ದಸರೆಯ ನಂತರ ಹತ್ತಿ ಬಿಡಿಸುವ ಕಾಲ ಬಂದಾಗ ಟಂಟಂಗಳಲ್ಲಿ, ಗೂಡ್ಸ್ ಗಾಡಿಗಳಲ್ಲಿ ಕೂಲಿಯವರೊಡನೆ ಮಕ್ಕಳನ್ನೂ ತುಂಬಿಕೊಂಡು ಹೋಗುವುದನ್ನು ಕಾಣಬಹುದು, ಆ ದಿನಗಳಲ್ಲಿ ತರಗತಿಯ ಹಾಜರಿ ತೆಳುವಾಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ನಡೆಯುವ ಹೈಬ್ರಿಡ್ ಬೀಜೋತ್ಪಾದನೆಯದು ಇನ್ನೂ ಸೂಕ್ಷ್ಮ ಕೆಲಸ: ಹತ್ತಿಯ ಹೂವಿನ ಗಂಡು ಭಾಗವನ್ನು ಸಂಜೆ ಕೈಯಿಂದಲೇ ಬಿಡಿಸಿ, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗವನ್ನು ಮುಟ್ಟಿಸಬೇಕು, ವಾರಗಟ್ಟಲೆ ದಿನವೂ. ಸಣ್ಣ ಬೆರಳು, ಕಡಿಮೆ ಕೂಲಿ ಎಂಬ ಕಾರಣಕ್ಕೆ ಈ ಕೆಲಸಕ್ಕೆ ಬಾಲಕಿಯರನ್ನು ಹಚ್ಚುತ್ತಾ ಬಂದಿರುವುದು ಕರ್ನಾಟಕ, ಆಂಧ್ರ, ಗುಜರಾತುಗಳಲ್ಲಿ ಹಲವು ಬಾರಿ ದಾಖಲಾಗಿದೆ.

ಅಂಗಿಯೊಂದರ ನೂಲು ಯಾವ ಹೊಲದಿಂದ ಬಂತೆಂದು ಅಂಗಡಿಯವರು ಹೇಳಲಾರರು. ನಮ್ಮ ಕೈಯಲ್ಲಿರುವುದು ಬೇರೆ. ನಿಮ್ಮ ಮಗುವಿನ ತರಗತಿಯಲ್ಲಿ ಅಕ್ಟೋಬರ್‌ನಿಂದ ಯಾರು ಬರುತ್ತಿಲ್ಲ ಎಂದು ಮಗುವನ್ನೇ ಕೇಳಿ, ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಆ ಹೆಸರುಗಳನ್ನು ಎತ್ತಿ, ಮನೆಯವರೊಡನೆ ಮಾತನಾಡಿಸಿ. ದುಡಿಮೆಗೆ ಒಯ್ಯುತ್ತಿರುವುದು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಕರೆಗೆ ಹಣ ಬೀಳುವುದಿಲ್ಲ.

ದೊಡ್ಡ ಮಳಿಗೆಗಳಲ್ಲಿ, ಆನ್‌ಲೈನ್‌ನಲ್ಲಿ ಕೊಳ್ಳುವವರು ಚೀಟಿಗಳ ವ್ಯತ್ಯಾಸ ತಿಳಿದಿರಬೇಕು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬುದು ಬಟ್ಟೆಯಲ್ಲಿ ಹಾನಿಕಾರಕ ರಾಸಾಯನಿಕ ಇದೆಯೇ ಎಂಬ ಪರೀಕ್ಷೆ, ಕೂಲಿಯ ಬಗ್ಗೆ ಅದು ಮಾತನಾಡುವುದಿಲ್ಲ. ಗಾಟ್ಸ್ (GOTS) ಎಂಬ ಗುರುತು ಸಾವಯವ ನೂಲಿನ ಜೊತೆಗೆ ಕೆಲಸಗಾರರ ಸ್ಥಿತಿಗತಿಯನ್ನೂ ಪರಿಶೀಲಿಸುತ್ತದೆ. ಬರಿಯ 'ಪರಿಸರಸ್ನೇಹಿ' ಎಂಬ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಹರೆಯದ ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು ಬಿಡುವಂತಿಲ್ಲ. ಆಟದ ದಿನಕ್ಕೆ ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ಗೊತ್ತುಮಾಡುವ ಶಾಲೆಗಳಲ್ಲಿ, ಮುಟ್ಟಿನ ದಿನಗಳಲ್ಲಿ ಎಷ್ಟೋ ಹುಡುಗಿಯರು ಹೊಟ್ಟೆನೋವೆಂದು ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಕೆಳಗಿನ ಉಡುಪಾದರೂ ಗಾಢ ಬಣ್ಣದ್ದಿರಲಿ ಎಂದು ತಾಯಂದಿರು ಸೇರಿ ಕೇಳಬೇಕು, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಳತೆ ಕೊಡುವಾಗ ಎಷ್ಟು ಸಡಿಲ, ಎಷ್ಟು ಉದ್ದ ಎಂಬುದನ್ನು ಮಗಳೇ ಹೇಳಲಿ, ತೊಡುವವಳು ಅವಳು. ಗುಂಡಿ ಹಾಕಿಕೊಳ್ಳಲು ಕಷ್ಟಪಡುವ ವಿಕಲಚೇತನ ಮಕ್ಕಳ ಅಂಗಿಗೆ ಗುಂಡಿಯ ಜಾಗದಲ್ಲಿ ವೆಲ್ಕ್ರೋ ಹಾಕಿ ಹೊಲಿದು ಕೊಡಲು ದರ್ಜಿಗೆ ಹೇಳಿದರೆ ಸಾಕು.

ಬೆಳೆದ ಮಗುವಿನ ಬಟ್ಟೆಯನ್ನು ದಾಟಿಸುವಾಗಲೂ ಜಾಗ್ರತೆ ಬೇಕು. ಹರಿದದ್ದನ್ನು, ಕಾಲರ್ ಸವೆದದ್ದನ್ನು ಯಾರಿಗೂ ಕೊಡಬೇಡಿ, ಅದು ಒರೆಸುವ ಬಟ್ಟೆಯಾಗಲಿ. ಉಳಿದವನ್ನು ಒಗೆದು, ಇಸ್ತ್ರಿ ಮಾಡಿ, ಕಳೆದ ಗುಂಡಿಗಳನ್ನು ಹಚ್ಚಿ, ಕಾಲರಿನ ಒಳಗೆ ಬರೆದ ಹೆಸರನ್ನು ತೆಗೆದು, ಅಳತೆಯ ಚೀಟಿ ಹಚ್ಚಿ ಏಪ್ರಿಲ್ ಮೊದಲ ವಾರವೇ ಒಬ್ಬ ನಂಬಿಕೆಯ ಶಿಕ್ಷಕಿಯ ಕೈಗೆ ಒಪ್ಪಿಸಿ. ತರಗತಿಯಲ್ಲಿ ಹೆಸರು ಕರೆದು ಹಂಚುವುದು ಬೇಡ, ಫೋಟೋ ತೆಗೆಯುವುದಂತೂ ಬೇಡವೇ ಬೇಡ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ. ಅಂಗಿ ಯಾರಿಗೆ ಹೋಯಿತೆಂದು ನಿಮ್ಮ ಮಗುವಿಗೂ ತಿಳಿಯಬೇಕಾಗಿಲ್ಲ.