ಕೊಡಗಿನಲ್ಲಿ ಹಗುರ ಟೆಲಿ ಜೂಮ್: ಮೊದಲು ಬೆಳಕು ಹುಡುಕಿ

ಕೊಡಗಿಗೆ ಕ್ಯಾಮೆರಾ ತರುವ ಸ್ನೇಹಿತರು ಕೇಳುವ ಮೊದಲ ಪ್ರಶ್ನೆ, "250 ಎಂಎಂ ಸಾಕಾಗುತ್ತಾ? 600 ಬೇಕಲ್ವಾ?" ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ಈ ಎಂಎಂ ಸಂಖ್ಯೆ ಹೆಚ್ಚಿದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಆದರೂ 250 ಸಾಕು ಅಂತಲೇ ನಾನು ಹೇಳುತ್ತೇನೆ. ನಮ್ಮ ಕಡೆ ಕೈ ಕೊಡುವುದು ಬೆಳಕು. ಅದನ್ನು ಹುಡುಕಲು ಕಲಿತರೆ ಸಣ್ಣ ಲೆನ್ಸ್ ಕೂಡ ತುಂಬಾ ಕೊಡುತ್ತದೆ.

ನಾನು ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಹಾಕಿ, ಯಾವ ಬ್ಲಾಕಿನಲ್ಲಿ ಏನು ಕೆಲಸ ನಡೆಯುತ್ತಿದೆ ಅಂತ ನೋಡುತ್ತಾ ಸುತ್ತುವ ಕೆಲಸ. ಹೆಗಲ ಚೀಲದಲ್ಲಿ ಹಾಜರಿ ಪುಸ್ತಕ, ಕತ್ತಿ, ನೀರಿನ ಬಾಟಲಿ ಇರುತ್ತವೆ. ಅವುಗಳ ಜೊತೆಗೇ ಕ್ಯಾಮೆರಾ. ಅದರಲ್ಲಿ ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್. ತೂಕ 375 ಗ್ರಾಂ. 150-600 ಲೆನ್ಸುಗಳು ಎರಡು ಕಿಲೋ ಆಸುಪಾಸು ತೂಗುತ್ತವೆ. ಅದನ್ನು ಹೊತ್ತು ನಮ್ಮ ಏರು ತಗ್ಗಿನಲ್ಲಿ ಯಾರೂ ದಿನಾ ನಡೆಯಲಾರರು. ಪ್ರವಾಸಕ್ಕೆ ಬಂದವರೂ ಒಂದು ದಿನ ಹೊತ್ತು, ಮರುದಿನ ರೂಮಿನಲ್ಲೇ ಬಿಟ್ಟು ಹೋಗುವುದನ್ನು ನೋಡಿದ್ದೇನೆ.

ಈ ಗುಂಪಿನಲ್ಲಿ ಬೇರೆ ಲೆನ್ಸುಗಳೂ ಇವೆ. ನಿಕಾನ್ ಎಎಫ್-ಪಿ 70-300 ಡಿಎಕ್ಸ್ ವಿಆರ್ ಸುಮಾರು 415 ಗ್ರಾಂ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ನಿಕಾನ್ ಇದ್ದವರಿಗೆ ಝಡ್ 50-250, 405 ಗ್ರಾಂ. ಕ್ಯಾನನ್ ಆರ್‌ಎಫ್ 100-400 ಸ್ವಲ್ಪ ದುಬಾರಿ, ತೂಕ 635 ಗ್ರಾಂ. ಹಕ್ಕಿಯೇ ಮುಖ್ಯ ಅನ್ನುವವರು ಅದನ್ನು ನೋಡಬಹುದು. ನಿಕಾನ್ 70-300 ಕೊಳ್ಳುವಾಗ ಒಂದು ಎಚ್ಚರ. ಅದರಲ್ಲಿ ವಿಆರ್, ಅಂದರೆ ಕೈಯ ಅಲುಗಾಟ ತಡೆಯುವ ಸ್ಟೆಬಿಲೈಸರ್, ಇರುವುದೂ ಇದೆ, ಇಲ್ಲದ್ದೂ ಇದೆ. ನಮಗೆ ವಿಆರ್ ಬೇಕೇ ಬೇಕು. ಜೊತೆಗೆ, ಡಿ3200, ಡಿ5100 ತರಹದ ಹಳೇ ಕ್ಯಾಮೆರಾ ಬಾಡಿಗಳಲ್ಲಿ ಎಎಫ್-ಪಿ ಲೆನ್ಸ್ ಫೋಕಸ್ ಆಗುವುದೇ ಇಲ್ಲ.

ಬೆಳಕಿನ ಲೆಕ್ಕ

ಎಫ್ ಸಂಖ್ಯೆ ಲೆನ್ಸಿನ ಕಿಂಡಿಯ ಅಳತೆ, ಅದು ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವುದು, ಶಟರ್ ಅಂದರೆ ಬೆಳಕು ಒಳಗೆ ಬರುವ ಹೊತ್ತು, ಸೆಕೆಂಡಿನ ಲೆಕ್ಕದಲ್ಲಿ. ಬಿಸಿಲಿರುವ ಬಯಲು ಗದ್ದೆಯಲ್ಲಿ ಎಫ್ 8, ಐಎಸ್‌ಒ 400 ಇಟ್ಟರೆ ಶಟರ್ 1/2000 ಸಿಗುತ್ತದೆ. ಹಾರುವ ಬೆಳ್ಳಕ್ಕಿಯನ್ನೂ ನಿಲ್ಲಿಸುವ ವೇಗ ಅದು. ಅಲ್ಲಿಂದ ತೋಟದ ಒಳಗೆ ಬನ್ನಿ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಮರಕ್ಕೆಲ್ಲ ಮೆಣಸಿನ ಬಳ್ಳಿ. ದಟ್ಟ ನೆರಳಿನಲ್ಲಿ ಎಫ್ 5.6, ಐಎಸ್‌ಒ 1600 ಇಟ್ಟರೂ 1/125 ಸಿಕ್ಕರೆ ಪುಣ್ಯ. ಅಂದರೆ ಎರಡು ಜಾಗದ ನಡುವೆ ಬೆಳಕಿನಲ್ಲಿ ನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ.

ಲಕ್ಷಗಟ್ಟಲೆ ಕೊಟ್ಟು ಎಫ್ 2.8 ಲೆನ್ಸ್ ಕೊಂಡರೆ ಎಫ್ 5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಬರುತ್ತದೆ, ಅಷ್ಟೇ. ತೋಟದ ಒಳಗಿಂದ ಗದ್ದೆಯ ಅಂಚಿಗೆ ನಡೆದು ಬಂದರೆ ಹತ್ತಾರು ಪಟ್ಟು ಬಿಟ್ಟಿಯಾಗಿ ಸಿಗುತ್ತದೆ. ಅದಕ್ಕೇ ನಾನು ಹಕ್ಕಿಯ ಹಿಂದೆ ಒಳಗೆ ನುಗ್ಗುವುದಿಲ್ಲ, ಅಂಚಿನಲ್ಲಿ ಕಾಯುತ್ತೇನೆ. ಗದ್ದೆ ಮತ್ತು ತೋಟ ಸೇರುವ ಜಾಗ, ತೋಟದ ಕೆರೆಯ ದಡ, ಕಾಫಿ ಒಣಗಿಸುವ ಕಣದ ಸುತ್ತ, ರಸ್ತೆ ಬದಿಯ ಬೇಲಿ. ಪಿಕಳಾರ, ಮಡಿವಾಳ, ಕಾಜಾಣ ಇಲ್ಲೆಲ್ಲ ತಾವಾಗಿಯೇ ಬಂದು ಕೂರುತ್ತವೆ. ಮಳೆಗಾಲಕ್ಕೆ ಮೊದಲು ಮರ ಕಪಾತು ಆದ (ಕೊಂಬೆ ಕಡಿದ) ಬ್ಲಾಕ್ ಸಿಕ್ಕರಂತೂ ಒಳಗೂ ಬೆಳಕು ಚೆನ್ನಾಗಿರುತ್ತದೆ.

ಹಣ್ಣು ಬಿಟ್ಟ ಅತ್ತಿ ಅಥವಾ ಬಸರಿ ಮರ ಕಂಡರೆ ಅಲ್ಲಿಂದ ಕದಲಬೇಡಿ. ಮಲಬಾರ್ ಬೂದು ಮಂಗಟ್ಟೆ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಸಿಗದ ಹಕ್ಕಿ. ನಮ್ಮಲ್ಲಿ ಅದು ಹಣ್ಣಿನ ಮರಕ್ಕೆ ದಿನಾ ಬರುತ್ತದೆ, ಕುಟ್ರು ಹಕ್ಕಿಗಳೂ ಬರುತ್ತವೆ. ಸೂರ್ಯ ನಿಮ್ಮ ಬೆನ್ನಿಗಿರುವ ಕಡೆ ನಿಂತು ಕಾಯಿರಿ. ಅರ್ಧ ಗಂಟೆ ಅಲ್ಲಾಡದೆ ನಿಂತರೆ ಅವು ನಿಮ್ಮನ್ನು ಲೆಕ್ಕಕ್ಕೇ ಇಡುವುದಿಲ್ಲ.

250ಕ್ಕೆ ಎಷ್ಟು ಕಾಣುತ್ತದೆ?

ಕ್ಯಾನನ್ ಕ್ರಾಪ್ ಬಾಡಿಯಲ್ಲಿ (ಸೆನ್ಸರ್ ಚಿಕ್ಕದಿರುವ ಕ್ಯಾಮೆರಾ) 250 ಎಂಎಂ ಇಟ್ಟು 10 ಮೀಟರ್ ದೂರ ನೋಡಿದರೆ ಚೌಕಟ್ಟಿನಲ್ಲಿ ಸುಮಾರು 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರ ಹಿಡಿಯುತ್ತದೆ. ಪಿಕಳಾರ ಒಂದು ಗೇಣಿನಷ್ಟು ಉದ್ದ. ಅಂದರೆ ಅಗಲದ ಐದನೇ ಒಂದು ಭಾಗ. 5 ಮೀಟರಿಗೆ ಬಂದರೆ ಹೆಚ್ಚುಕಡಿಮೆ ಅರ್ಧ ಚಿತ್ರ ಹಕ್ಕಿಯೇ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 10 ಮೀಟರಿನ ಹಕ್ಕಿಯನ್ನು ಕತ್ತರಿಸಿ ತೆಗೆದರೂ ಫೋನಿನಲ್ಲಿ ನೋಡಲು, ಸಣ್ಣ ಪ್ರಿಂಟ್ ಹಾಕಿಸಲು ಸಾಕು. 20 ಮೀಟರ್ ಮೇಲೆ ಸಣ್ಣ ಹಕ್ಕಿಯ ಆಸೆ ಬಿಡಿ. ಆಗ ಹಕ್ಕಿ, ಕೊಂಬೆ, ಹಿಂದಿನ ಬೆಟ್ಟ ಎಲ್ಲ ಸೇರಿಸಿ ಚಿತ್ರ ಮಾಡಿ. ನನಗೆ ಅಂಥ ಚಿತ್ರಗಳೇ ಜಾಸ್ತಿ ಇಷ್ಟ. ಹಕ್ಕಿ ಎಲ್ಲಿ ಬದುಕುತ್ತದೆ ಅಂತ ಅವು ತೋರಿಸುತ್ತವೆ.

ಆನೆ, ಕಾಟಿ, ಕಡವೆಗೆ ಲೆಕ್ಕ ಬೇರೆ. 50 ಮೀಟರ್ ದೂರದ ಹೆಣ್ಣಾನೆ 250ರಲ್ಲಿ ಚೌಕಟ್ಟಿನ ಎತ್ತರದ ಸುಮಾರು ಮುಕ್ಕಾಲು ಭಾಗ ತುಂಬುತ್ತದೆ.

ಕ್ಯಾಮೆರಾದಲ್ಲಿ ಏನು ಇಡಬೇಕು

ಅಪರ್ಚರ್ ಪ್ರಯಾರಿಟಿ (ಎಫ್ ಸಂಖ್ಯೆ ನಾವಿಡುವುದು, ಉಳಿದದ್ದು ಕ್ಯಾಮೆರಾ ನೋಡಿಕೊಳ್ಳುವುದು), ಆಟೋ ಐಎಸ್‌ಒ, ಕನಿಷ್ಠ ಶಟರ್ 1/500. ಇದು ನನ್ನ ಯಾವಾಗಿನ ಸೆಟ್ಟಿಂಗ್. 250ನ್ನು ಕ್ರಾಪ್‌ನ 1.6ರಿಂದ ಗುಣಿಸಿದರೆ 400. ಕೈ ಅಲುಗಾಟ ಕಾಣಬಾರದು ಅಂದರೆ ಶಟರ್ 1/400 ಆದರೂ ಇರಬೇಕು ಅನ್ನುವುದು ಹಳೇ ಲೆಕ್ಕ. ಸ್ಟೆಬಿಲೈಸರ್ ಇದ್ದರೆ ಇನ್ನೂ ಕೆಳಗೆ ಇಳಿಯಬಹುದು. ಆದರೆ ಅದು ತಡೆಯುವುದು ನಿಮ್ಮ ಕೈಯ ಅಲುಗಾಟವನ್ನು ಮಾತ್ರ. ಹಕ್ಕಿ ತಲೆ ತಿರುಗಿಸಿದರೆ 1/125ರಲ್ಲಿ ಮಸುಕೇ. ಹಾರುವ ಹಕ್ಕಿಗೆ 1/1600 ಅಥವಾ 1/2000 ಇಡಿ.

ನೆರಳಿನಲ್ಲಿ ಬೇರೆ ದಾರಿ ಇಲ್ಲದಿದ್ದರೆ 1/125ಕ್ಕೂ ಇಳಿಯುತ್ತೇನೆ. ಆಗ ಬೆನ್ನನ್ನು ಮರಕ್ಕೆ ಒರಗಿಸಿ, ಮೊಣಕೈ ಎರಡನ್ನೂ ಎದೆಗೆ ಒತ್ತಿ, ಎಡಗೈ ಲೆನ್ಸಿನ ಕೆಳಗೆ ಹಿಡಿದು, ಉಸಿರು ಬಿಟ್ಟು ನಾಲ್ಕೈದು ಚಿತ್ರ ಒಟ್ಟಿಗೆ ಹೊಡೆಯುವುದು. ಅದರಲ್ಲಿ ಒಂದಾದರೂ ಚೂಪಾಗಿ ಬರುತ್ತದೆ.

ಐಎಸ್‌ಒ ಕಂಡರೆ ಹೆದರಬೇಡಿ. 3200, 6400 ಆದರೂ ಪರವಾಗಿಲ್ಲ. ಕತ್ತಲೆಯಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡಿದರೆ ಕಾಳು, ಅಂದರೆ ಚಿತ್ರದಲ್ಲಿ ಕಾಣುವ ಮರಳಿನಂಥ ಚುಕ್ಕೆಗಳು, ಇನ್ನೂ ಜಾಸ್ತಿ ಕಾಣುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ. ಈಗಿನ ಸಾಫ್ಟ್‌ವೇರುಗಳು ಕಾಳನ್ನು ಚೆನ್ನಾಗಿ ತೆಗೆಯುತ್ತವೆ. ಅಲುಗಿದ ಚಿತ್ರವನ್ನು ಮಾತ್ರ ಯಾವುದೂ ಪೂರ್ತಿ ಸರಿ ಮಾಡುವುದಿಲ್ಲ.

ಕೊಡಗಿನಲ್ಲಿ ಆಕಾಶ ಬಿಳಿಯಾಗಿರುವ ದಿನಗಳೇ ಹೆಚ್ಚು. ಮೇಲಿನ ಕೊಂಬೆಯ ಹಕ್ಕಿ ಅಂಥ ಆಕಾಶದ ಎದುರು ಕಪ್ಪಗೆ ಬರುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಚಿತ್ರವನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಸೆಟ್ಟಿಂಗ್) +1 ಕೊಡಿ, ಬೇಕಾದರೆ ಇನ್ನೂ ಸ್ವಲ್ಪ. ಮಂಜಿಗೂ ಪ್ಲಸ್ ಬೇಕು. ಹಸಿರು ಗದ್ದೆಯ ಬೆಳ್ಳಕ್ಕಿಗೆ ಉಲ್ಟಾ, ಮೈನಸ್ ಕೊಡದಿದ್ದರೆ ರೆಕ್ಕೆಯ ಗೆರೆಗಳೆಲ್ಲ ಅಳಿಸಿ ಹೋಗುತ್ತವೆ.

ಫೋಕಸ್‌ಗೆ ಒಂದೇ ಪಾಯಿಂಟ್ ಇಟ್ಟು ಕಣ್ಣಿನ ಮೇಲೆ ಹಿಡಿಯಿರಿ. ಹೊಸ ಕ್ಯಾಮೆರಾಗಳಲ್ಲಿ ಪ್ರಾಣಿಯ ಕಣ್ಣು ತಾನೇ ಹುಡುಕುವ ಸೌಲಭ್ಯ ಇದೆ, ಬಯಲಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಾಫಿ ಗಿಡದ ಎಲೆಗಳ ನಡುವೆ ಕುಳಿತ ಹಕ್ಕಿಗೆ ಬಂದಾಗ ಎಷ್ಟೋ ಸಲ ಮುಂದಿನ ಎಲೆಗೇ ಅಂಟಿಕೊಳ್ಳುತ್ತದೆ. ದಟ್ಟ ಮಂಜಿನಲ್ಲಿ ಲೆನ್ಸ್ ಹಿಂದೆ ಮುಂದೆ ಓಡುತ್ತಿದ್ದರೆ ಮರದ ಕಾಂಡದ ಅಂಚಿನಂಥ ಗಟ್ಟಿ ಗೆರೆ ಹುಡುಕಿ, ಇಲ್ಲದಿದ್ದರೆ ಕೈಯಲ್ಲೇ ಫೋಕಸ್ ಮಾಡಿ.

ಎಲ್ಲಿಗೆ ಹೋಗಬೇಕು

ದುಬಾರೆ ಆನೆ ಶಿಬಿರದಲ್ಲಿ ಬೆಳಿಗ್ಗೆ ಕಾವೇರಿಯಲ್ಲಿ ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಬೆಳಕು ಧಾರಾಳ, ಆನೆ ಹತ್ತಿರ. ಇಡೀ ಆನೆಯನ್ನು 55ರಲ್ಲಿ ತೆಗೆದು ಎಲ್ಲರೂ ಮುಂದೆ ಹೋಗುತ್ತಾರೆ. ನೀವು 200 ದಾಟಿಸಿ ಕಣ್ಣು, ಕಿವಿಯ ಅಂಚು, ಮಾವುತನ ಕೈ ನೋಡಿ. ಟೆಲಿ ಲೆನ್ಸ್ ಕಲಿಯಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ನಾಗರಹೊಳೆ ಸಫಾರಿಗೆ ಕೊಡಗಿನ ಕಡೆಯ ಬಾಗಿಲು ಕುಟ್ಟದ ಹತ್ತಿರದ ನಾಣಚ್ಚಿ. ಕ್ಯಾಮೆರಾಗೆ ಬೇರೆ ಶುಲ್ಕ ಇರಬಹುದು, ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ. ಗಾಡಿಯ ನಡುಕ ಚಿತ್ರ ಕೆಡಿಸುತ್ತದೆ. ಪ್ರಾಣಿ ಕಂಡಾಗ "ಅಣ್ಣಾ, ಒಂಚೂರು ಇಂಜಿನ್ ಆಫ್ ಮಾಡ್ತೀರಾ?" ಅಂತ ಮೆಲ್ಲಗೆ ಕೇಳಿ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ಅಕ್ಕಿ ತುಂಬಿ ಎರಡು ಕಡೆ ಹೊಲಿದು ಒಯ್ದರೆ ಕಿಟಕಿಯ ಮೇಲೆ ಲೆನ್ಸ್ ಇಡಲು ದಿಂಬು ತಯಾರು. ಟ್ರೈಪಾಡ್ ಬೇಡವೇ ಬೇಡ. ಬರೀ ಹುಲಿಗಾಗಿ ಕಾದು ಕೂರಬೇಡಿ. ಮುಸಿಯ, ಕೆಂದಳಿಲು, ಜಿಂಕೆ ಹಿಂಡು ಇವೆಲ್ಲ ಹಗುರ ಲೆನ್ಸಿಗೆ ಹೇಳಿ ಮಾಡಿಸಿದಂಥವು.

ಬೆಟ್ಟಗಳಿಗೂ ಈ ಲೆನ್ಸೇ ಇರಲಿ. ಮಾಂದಲ್‌ಪಟ್ಟಿಯಲ್ಲಿ ಎಲ್ಲರೂ ಅಗಲ ಲೆನ್ಸ್ ತೆಗೆಯುತ್ತಾರೆ. 100ರಿಂದ 150ರಲ್ಲಿ ನೋಡಿದರೆ ಒಂದರ ಹಿಂದೆ ಒಂದು ಬೆಟ್ಟದ ಸಾಲು ಹತ್ತಿರ ಬಂದು ನಿಲ್ಲುತ್ತದೆ. ಮಡಿಕೇರಿಯ ರಾಜಾ ಸೀಟ್ ಪಶ್ಚಿಮಕ್ಕೆ ಮುಖ ಮಾಡಿದೆ, ಜನ ಸೇರುವುದು ಸಂಜೆಗೆ. ನೀವು ಬೆಳಿಗ್ಗೆ ಹೋಗಿ. ಸೂರ್ಯ ಬೆನ್ನ ಹಿಂದಿರುತ್ತಾನೆ, ಕಣಿವೆಯ ಮಂಜಿನ ಮೇಲೆ ನೇರ ಬೆಳಕು ಬೀಳುತ್ತದೆ. ಚಿಕ್ಲಿಹೊಳೆ, ಹಾರಂಗಿಯ ಹಿನ್ನೀರಿಗೆ ಮಾತ್ರ ಮಧ್ಯಾಹ್ನ ಹೋಗಬೇಡಿ. ನೀರಿನ ಮೇಲೆ ಬಿಸಿಗಾಳಿ ಕುಣಿಯುವಾಗ ದೂರದ ನೀರುಕಾಗೆ ಯಾವ ಲೆನ್ಸಿನಲ್ಲೂ ಚೂಪಾಗಿ ಬರುವುದಿಲ್ಲ.

ಹೂಮಳೆ ಬಿದ್ದು ಕಾಫಿ ಅರಳಿ ತೋಟವೆಲ್ಲ ಬೆಳ್ಳಗಾದಾಗ ಇದೇ ಲೆನ್ಸ್ ಹತ್ತಿರಕ್ಕೂ ಬರುತ್ತದೆ. 55-250 ಎಸ್‌ಟಿಎಂ 85 ಸೆಂಟಿಮೀಟರ್ ದೂರದಿಂದಲೇ ಫೋಕಸ್ ಆಗುತ್ತದೆ. ಕಾಫಿ ಹೂವಿನ ಮೇಲಿನ ಜೇನು ಚೆನ್ನಾಗಿ ಸಿಗುತ್ತದೆ. ಕೆರೆ ಪಕ್ಕದ ಏರೋಪ್ಲೇನ್ ಚಿಟ್ಟೆಗೂ ಇದು ಸಾಕು.

ಇನ್ನೊಂದು ಸಲಹೆ, ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಹೋಗಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು. ಬೇಸಿಗೆಯ ಬಿಸಿಲು, ಎದುರಿಗೇ ಓಡುವ ಆಟಗಾರರು. 1/1000 ಇಟ್ಟು, ಓಡುವವರ ಜೊತೆಗೇ ಫೋಕಸ್ ಬದಲಿಸುತ್ತಾ ಹೋಗುವ ಕಂಟಿನ್ಯುಯಸ್ ಫೋಕಸ್ ಹಾಕಿ, ಒಬ್ಬನನ್ನೇ ಹಿಂಬಾಲಿಸಿ. ಒಂದು ಮ್ಯಾಚ್ ಮುಗಿಯುವಷ್ಟರಲ್ಲಿ ಕೈ ಪಳಗುತ್ತದೆ. ಆಮೇಲೆ ಹಾರುವ ಹಕ್ಕಿ ಸುಲಭ.

ಆನೆ ಇದೆ ಅಂದರೆ ಕ್ಯಾಮೆರಾ ಒಳಗೆ

ಇದನ್ನು ಒತ್ತಿ ಹೇಳಬೇಕು. ಸಿದ್ದಾಪುರ, ಮಾಲ್ದಾರೆ ಕಡೆಯ ತೋಟಗಳಿಗೆ ಕಾಡಾನೆ ಬರುತ್ತದೆ. ಕೆಲಸಕ್ಕೆ ಹೋದವರು ಸತ್ತಿದ್ದಾರೆ. ಗೊತ್ತಿಲ್ಲದ ತೋಟದೊಳಗೆ ಒಬ್ಬರೇ ಹೋಗಬೇಡಿ, ಮಾಲೀಕರನ್ನೋ ರೈಟರನ್ನೋ ಕೇಳಿ ಹೋಗಿ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ನಡೆಯಬೇಡಿ. ಲೆನ್ಸಿನಲ್ಲಿ ನೋಡುವಾಗ ದೂರ ತಿಳಿಯುವುದಿಲ್ಲ, ಪಕ್ಕದಲ್ಲಿ ಏನಿದೆ ಅಂತಲೂ ಕಾಣುವುದಿಲ್ಲ. ಹಸಿ ಲದ್ದಿ ಕಂಡರೆ, ಬಿದಿರು ಮುರಿಯುವ ಸದ್ದು ಕೇಳಿದರೆ, ಬಂದ ದಾರಿಯಲ್ಲೇ ವಾಪಸ್ ಹೋಗಿ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯುವುದೂ ಬೇಡ. ಗೂಡಿನ ಹತ್ತಿರ ಹೋಗುವುದು, ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ನನಗೆ ಒಂದಿಷ್ಟೂ ಒಪ್ಪಿಗೆ ಇಲ್ಲ. ಮರಿಗೆ ಊಟ ತರುವ ಹೊತ್ತನ್ನು ಅದು ಸುಮ್ನೆ ಹಾಳು ಮಾಡುತ್ತದೆ.

ಮಳೆ ಮತ್ತು ಬೂಷ್ಟು

ಈ ಲೆನ್ಸುಗಳು ನೀರು ತಡೆಯುವುದಿಲ್ಲ. ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ಕೊಳವೆ) ಹಾಕಿಕೊಳ್ಳಿ, ಹನಿ ಮುಂದಿನ ಗಾಜಿಗೆ ಬೀಳುವುದು ತಪ್ಪುತ್ತದೆ. ಕ್ಯಾನನ್‌ನ ಈ ಲೆನ್ಸುಗಳಿಗೆ ಹುಡ್ ಬೇರೆ ಕೊಳ್ಳಬೇಕು. ಜೋರು ಮಳೆಗೆ ಒಂದು ಪ್ಲಾಸ್ಟಿಕ್ ಕವರ್, ಒಂದು ರಬ್ಬರ್ ಬ್ಯಾಂಡ್ ಸಾಕು.

ದೊಡ್ಡ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸಿನ ಒಳಗೂ ಹಿಡಿಯುತ್ತದೆ. ಕ್ಯಾಮೆರಾ ಚೀಲದಲ್ಲಿ ಇಟ್ಟು ಮುಚ್ಚಬೇಡಿ, ಚೀಲದ ಬಟ್ಟೆಯೇ ತೇವ ಹಿಡಿದಿಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಸಣ್ಣ ಮೀಟರ್. 40ರಿಂದ 50 ಶೇಕಡಾ ಒಳಗಿದ್ದರೆ ಸರಿ. ಜೆಲ್‌ನ ಬಣ್ಣ ಬದಲಾದರೆ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಹಾಕಿ. ಒದ್ದೆ ಲೆನ್ಸನ್ನು ನೇರ ಡಬ್ಬಕ್ಕೆ ಹಾಕಬೇಡಿ. ಒರೆಸಿ, ಫ್ಯಾನಿನ ಕೆಳಗೆ ಒಂದಷ್ಟು ಹೊತ್ತು ಇಟ್ಟು ಆಮೇಲೆ ಹಾಕಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವವರು ಇದನ್ನೇ ಮೊದಲು ನೋಡಬೇಕು. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಚುಕ್ಕೆ ನಾಲ್ಕಾರು ಇದ್ದರೆ ಚಿಂತೆಯಿಲ್ಲ. ದಾರದಂಥ ಬಿಳಿ ಎಳೆಗಳು ಕಂಡರೆ ಬೆಲೆ ಎಷ್ಟೇ ಕಡಿಮೆ ಇರಲಿ ಬಿಟ್ಟುಬಿಡಿ. ಆಮೇಲೆ ನಿಮ್ಮದೇ ಕ್ಯಾಮೆರಾಗೆ ಹಾಕಿ, ಜೂಮ್ ಪೂರ್ತಿ ಎಳೆದು, 1/60ರಲ್ಲಿ ಸ್ಟೆಬಿಲೈಸರ್ ಹಾಕಿ ಒಂದಷ್ಟು, ತೆಗೆದು ಒಂದಷ್ಟು ಚಿತ್ರ ಹೊಡೆಯಿರಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ. ಎರಡರಲ್ಲೂ ವ್ಯತ್ಯಾಸ ಕಾಣದಿದ್ದರೆ ಸ್ಟೆಬಿಲೈಸರ್ ಕೆಟ್ಟಿರಬಹುದು, ಅಂಥ ಲೆನ್ಸ್ ಕೊಳ್ಳಬೇಡಿ.